ಕಾಡುಪಾಪ ಮತ್ತು ಮೈಲುತುತ್ತ

ಜಯನಗರದ ಬೀದಿಗಳಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದ ಕಾಲ ಅದು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಸ್ಕೂಲು ಬಿಟ್ಟೊಡನೆ ಚೀಲ ಎಸೆದು ಆ ಸೈಟುಗಳಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆವು. ಲಂಗದ ಅಂಚಿಗೆ ಅಂಟಿದ ಹುಲ್ಲಿನ ಮುಳ್ಳುಗಳನ್ನು ಕೀಳುತ್ತ, ಉಪ್ಪುಖಾರ ಹಚ್ಚಿದ ಸೀಬೆಕಾಯಿ ಕಚ್ಚುತ್ತ ಕೂತರೆ ಬೀದಿದೀಪ ಹತ್ತುವ ತನಕ ಮನೆಯ ನೆನಪೇ ಇರುತ್ತಿರಲಿಲ್ಲ. ಆ ದಿನಗಳನ್ನು ನೆನೆದರೆ ನಿಮಗೆ ಕಣ್ಣು ತುಂಬಿ ಬರಬಹುದು. ನನಗೆ ಹಲ್ಲು ಕಡಿಯುವಂತಾಗುತ್ತದೆ. ನನ್ನ ಆ ದಿನಗಳ ನಟ್ಟನಡುವೆ ನಮ್ಮ ಡ್ರಾಯಿಂಗ್ ಮೇಷ್ಟ್ರು ಶೇಷಪ್ಪನವರು ನಿಂತಿದ್ದಾರೆ. ಅವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಅಷ್ಟಾದರೂ ಅವರನ್ನು ಏಕವಚನದಲ್ಲಿ ಬರೆಯಲು ಕೈ ಬರುವುದಿಲ್ಲ. ಅಪ್ಪ ಬೆಳೆಸಿದ ರೀತಿ ಹಾಗೆ.

ಅಪ್ಪ ಶಿವಣ್ಣ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದ. ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಕಡೆ ರಟ್ಟಿನ ರಾಶಿ, ಇನ್ನೊಂದು ಕಡೆ ಕ್ಯಾಲಿಕೋ ಬಟ್ಟೆಯ ಸುರುಳಿ, ನಡುವೆ ಸೀಮೆಎಣ್ಣೆ ಸ್ಟವ್ವಿನ ಮೇಲೆ ಸದಾ ಒಂದು ಅಲ್ಯುಮಿನಿಯಂ ಪಾತ್ರೆ. ಅದರಲ್ಲಿ ಮೈದಾ ಅಂಟು ಬೇಯುತ್ತಿರುತ್ತಿತ್ತು. ಅಂಟು ಬೇಯುವ ವಾಸನೆ ಗೊತ್ತಿಲ್ಲದವರಿಗೆ ಹೇಗೆ ಹೇಳಲಿ, ಗಂಜಿಯ ವಾಸನೆಯೇ, ಆದರೆ ಹಸಿವಾಗದ ಗಂಜಿ. ಏಳನೇ ಕ್ಲಾಸಿಗೆ ಬರುವಷ್ಟರಲ್ಲಿ ಗಂಟಾಗದಂತೆ ಅಂಟು ಕಾಯಿಸುವುದು ನನ್ನ ಕೆಲಸವಾಗಿತ್ತು. ಕೊನೆಯಲ್ಲಿ ಚಿಟಿಕೆ ಮೈಲುತುತ್ತ ಹಾಕುವುದು ಮಾತ್ರ ಅಪ್ಪನದು. ನೀಲಿ ಹರಳು, ನೋಡಲು ಕಲ್ಲುಸಕ್ಕರೆಯಷ್ಟು ಚಂದ, ಆದರೆ ವಿಷ. ಅದು ಬಿದ್ದ ಅಂಟಿನ ಹತ್ತಿರ ಜಿರಳೆಯಾಗಲಿ ಇರುವೆಯಾಗಲಿ ಸುಳಿಯುವುದಿಲ್ಲ.

“ಮೈಲುತುತ್ತ ಹಾಕ್ದೆ ಬೈಂಡ್ ಮಾಡೋನು ಪುಸ್ತಕ ಮಾಡಲ್ಲ ಗಿರಿಜಾ, ಜಿರಳೆಗೆ ಎಲೆ ಹಾಕಿ ಬಡಿಸ್ತಾನೆ” ಎಂದು ಅಪ್ಪ ಹೇಳುತ್ತಿದ್ದ. ಈ ಮಾತನ್ನು ನಾನು ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ನಮ್ಮ ಸ್ಕೂಲಿನ ಹಾಜರಿ ರಿಜಿಸ್ಟರುಗಳು, ಲೈಬ್ರರಿಯ ಹರಿದ ಪುಸ್ತಕಗಳು ಎಲ್ಲ ಅಪ್ಪನ ಬಳಿಗೇ ಬರುತ್ತಿದ್ದವು. ಆ ಕೆಲಸ ಕೊಡಿಸಿದವರು ಶೇಷಪ್ಪ ಮೇಷ್ಟ್ರು. ಅದಕ್ಕೆ ಪ್ರತಿಯಾಗಿ ಅವರ ಚಾರ್ಟು, ಚಿತ್ರಗಳಿಗೆ ಬೇಕಾದ ಅಂಟೆಲ್ಲ ನಮ್ಮ ಮನೆಯಿಂದ ಹಾರ್ಲಿಕ್ಸ್ ಬಾಟಲಿಯಲ್ಲಿ ಹೋಗುತ್ತಿತ್ತು. ಹೊತ್ತುಕೊಂಡು ಹೋಗುವವಳು ನಾನು.

ಆ ವರ್ಷ ಅಕ್ಟೋಬರಿನ ವನ್ಯಜೀವಿ ಸಪ್ತಾಹಕ್ಕೆ ಶಾಲಾಮಕ್ಕಳಿಗೆ ಚಿತ್ರಸ್ಪರ್ಧೆ ಎಂದು ಸುತ್ತೋಲೆ ಬಂತು. ಕಾಡುಪ್ರಾಣಿಗಳ ಬಗ್ಗೆ ಮಕ್ಕಳಿಗೆ ಪ್ರೀತಿ ಹುಟ್ಟಲಿ ಎಂಬುದು ಉದ್ದೇಶ. ಪ್ರತಿ ಸ್ಕೂಲಿನಿಂದ ಒಂದೇ ಚಿತ್ರ. ಗೆದ್ದವರಿಗೆ ಬಂಡೀಪುರಕ್ಕೆ ಎರಡು ದಿನದ ಪ್ರವಾಸ, ವ್ಯಾನಿನಲ್ಲಿ ಕಾಡು ಸುತ್ತಿಸುತ್ತಾರೆ, ಆನೆ ನೋಡಬಹುದು. ನಾನು ಅಲ್ಲಿಯ ತನಕ ಕಂಡಿದ್ದ ಆನೆ ಒಂದೇ, ದೇವಸ್ಥಾನದ ಮುಂದೆ ಸರಪಳಿ ಕಟ್ಟಿಸಿಕೊಂಡು ನಿಂತಿದ್ದದ್ದು. ಸುತ್ತೋಲೆ ಓದಿದ ದಿನವೇ ಆ ವ್ಯಾನಿನ ಕಿಟಕಿ ಪಕ್ಕದ ಸೀಟು ನನ್ನದು ಎಂದು ಮನಸ್ಸಿನಲ್ಲಿ ಟವೆಲ್ಲು ಹಾಕಿಬಿಟ್ಟೆ.

ಮೇಷ್ಟ್ರಿಗೆ ಕಾಡು ಅಂದರೆ ಹುಲಿ. ಅವರ ಹತ್ತಿರ ಒಂದು ಹಳೇ ಕ್ಯಾಲೆಂಡರಿನ ಹುಲಿ ಇತ್ತು. ಅದರ ಮೇಲೆ ಚೌಕಗಳನ್ನು ಎಳೆದು, ನಮ್ಮ ಹಾಳೆಯ ಮೇಲೂ ಚೌಕ ಎಳೆಸಿ, ಒಂದೊಂದೇ ಮನೆ ನೋಡಿ ಬರೆಸುತ್ತಿದ್ದರು. ಹದಿನೈದು ದಿನ ಬರೆದೂ ಬರೆದೂ ನಲವತ್ತು ಮಕ್ಕಳಿಗೆ ನಲವತ್ತು ಹುಲಿ ಬಂದವು, ಎಲ್ಲವೂ ಎಡಗಡೆಗೇ ನೋಡುತ್ತಿದ್ದವು.

ನಾನು ಹುಲಿ ನೋಡಿರಲಿಲ್ಲ. ನೋಡಿದ್ದು ಕಾಡುಪಾಪವನ್ನು. ಬಿಳೇಕಹಳ್ಳಿಯಲ್ಲಿ ನಮ್ಮ ಸೋದರತ್ತೆಯ ಮನೆ. ಆಗ ಅದು ಪಕ್ಕಾ ಹಳ್ಳಿ, ಬನ್ನೇರುಘಟ್ಟದ ಬಸ್ಸಿನಲ್ಲಿ ಇಳಿದು ರಾಗಿ ಹೊಲದ ಬದುವಿನ ಮೇಲೆ ನಡೆದು ಹೋಗಬೇಕು. ಅತ್ತೆಯ ಹಿತ್ತಲಲ್ಲಿ ಒಂದು ಹೊಂಗೆಮರ, ಅದಕ್ಕೆ ಹೊಂದಿಕೊಂಡು ಬಿದಿರಿನ ಮೆಳೆ. ಒಂದು ಭಾನುವಾರ ದೀಪ ಹಚ್ಚುವ ಹೊತ್ತಿಗೆ ಅತ್ತೆ ನನ್ನ ರಟ್ಟೆ ಹಿಡಿದು ಅಲ್ಲಿಗೆ ಕರೆದುಕೊಂಡು ಹೋದಳು.

“ಅಲ್ ನೋಡು. ಜೋರಾಗಿ ಉಸ್ರು ಬಿಡ್ಬೇಡ, ಹೆದರ್ಕೊಳ್ತದೆ.”

ಮೊದಲು ಕಂಡದ್ದು ಎರಡು ಕಣ್ಣು. ಮುಖಕ್ಕಿಂತ ದೊಡ್ಡದು ಅನ್ನಿಸುವಂಥ ದುಂಡನೆಯ ಕಣ್ಣು. ಆಮೇಲೆ ಕಡ್ಡಿಯಂಥ ಕೈಕಾಲು. ಬಾಲ ಇಲ್ಲ. ಅಂಗೈ ಮಾತ್ರ ಥೇಟ್ ಹಸುಗೂಸಿನದು. ಅದು ಒಂದು ಕೊಂಬೆ ಬಿಟ್ಟು ಇನ್ನೊಂದನ್ನು ಹಿಡಿಯುವಷ್ಟರಲ್ಲಿ ನಾನು ಐದಾರು ಸಲ ಎಂಜಲು ನುಂಗಿದೆ.

“ಯಾರ ಹತ್ರಾನೂ ಬಾಯಿ ಬಿಡ್ಬೇಡ ಕಣೆ. ಮಾಟಗಾರರು ಹಿಡ್ಕೊಂಡ್ ಹೋಗಿ ಕಣ್ಣು ಕೀಳ್ತಾರೆ. ನಾನು ಈ ಮನೆಗೆ ಬಂದಾಗಿಂದ ಇಲ್ಲೇ ಅದೆ” ಎಂದಳು ಅತ್ತೆ.

ಬಾಯಿ ಬಿಡಲಿಲ್ಲ. ಆದರೆ ಸ್ಪರ್ಧೆಯ ದಿನ ಎಲ್ಲರೂ ಚೌಕ ಎಳೆಯುತ್ತಿದ್ದಾಗ ನಾನು ಹೊಂಗೆಮರದ ಕೊಂಬೆ ಎಳೆದೆ. ಮೇಷ್ಟ್ರು ಹಿಂದೆ ಬಂದು ನಿಂತು, “ಏನಮ್ಮಾ ಇದು, ಕೋತಿಗೆ ಕಾಯಿಲೆಯಾ?” ಅಂದರು. ಇಡೀ ಕ್ಲಾಸು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮಾಲಿನಿ, ಸ್ಕೂಲಿನ ಆಡಳಿತ ಸಮಿತಿಯ ಅಧ್ಯಕ್ಷರ ಮಗಳು. ಅವಳ ಹುಲಿಗೆ ಐದು ಕಾಲಿದ್ದವು. ಬಾಲವನ್ನು ಅಷ್ಟು ದಪ್ಪಗೆ ಬರೆದಿದ್ದಳು.

ಹೆಸರನ್ನು ಹಾಳೆಯ ಮುಂದೆ ಬರೆಯಬಾರದು, ತೀರ್ಪು ಕೊಡುವವರಿಗೆ ಯಾರದೆಂದು ತಿಳಿಯಬಾರದು, ಹಿಂದೆ ಬರೆಯಿರಿ ಎಂಬುದು ನಿಯಮ. ನಾನು ಅಪ್ಪನ ಅಂಗಡಿಯ ಕಾಪಿಯಿಂಗ್ ಪೆನ್ಸಿಲ್ ತಂದಿದ್ದೆ. ನಾಲಿಗೆಗೆ ತಾಗಿಸಿ ಬರೆದರೆ ನೇರಳೆ ಬಣ್ಣ ಬರುತ್ತದೆ, ಯಾವ ರಬ್ಬರಿಗೂ ಹೋಗುವುದಿಲ್ಲ. ‘ಎಸ್. ಗಿರಿಜಾ, ಏಳನೇ ಬಿ’ ಎಂದು ಹಾಳೆಯ ಹಿಂದೆ ದೊಡ್ಡದಾಗಿ ಬರೆದೆ. ದಿನವಿಡೀ ನಾಲಿಗೆ ನೇರಳೆಯಾಗಿತ್ತು.

ಮಾರನೆಯ ದಿನ ಚಿತ್ರ ಆರಿಸಲು ಒಬ್ಬ ಅರಣ್ಯಾಧಿಕಾರಿ ಬಂದರು. ಖಾಕಿ ಬಟ್ಟೆ, ಬಿಳಿ ಮೀಸೆ. ಮೇಜಿನ ಮೇಲೆ ಹರಡಿದ್ದ ಹುಲಿಗಳನ್ನೆಲ್ಲ ದಾಟಿ ಬಂದು ಒಂದು ಹಾಳೆಯ ಮುಂದೆ ನಿಂತರು. “ಇದನ್ನ ನೋಡಿ ಬರೆದಿದಾರೆ ಮೇಷ್ಟ್ರೇ. ನೋಡದೆ ಈ ಪ್ರಾಣಿಯ ಕೈ ಬರೆಯೋಕಾಗಲ್ಲ. ಇದನ್ನೇ ಕಳಿಸಿ” ಎಂದು ಹೇಳಿ ಹೋದರು. ಕಿಟಕಿಯ ಹೊರಗೆ ನಿಂತು ಕೇಳಿಸಿಕೊಂಡ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸಾಯಂಕಾಲ ಅಂಟಿನ ಬಾಟಲಿ ಹಿಡಿದು ಡ್ರಾಯಿಂಗ್ ರೂಮಿಗೆ ಹೋದೆ. ಮೇಷ್ಟ್ರು ನನ್ನ ಚಿತ್ರದ ಅಂಚಿಗಷ್ಟೇ ಅಂಟು ಸವರಿ ದಪ್ಪ ಹಾಳೆಯ ಮೇಲೆ ಕೂರಿಸಿದರು. ನನ್ನ ಹೆಸರು ಒಳಗೆ ಹೋಯಿತು. ಆಮೇಲೆ ಕೆಳಗೊಂದು ಚೀಟಿ ಅಂಟಿಸಿದರು. ಮುತ್ತಿನಂಥ ಅಕ್ಷರ ಅವರದು. ಅದರಲ್ಲಿ ಮಾಲಿನಿಯ ಹೆಸರಿತ್ತು.

“ಸಾರ್, ಅದು ನಂದು ಸಾರ್.”

“ಗೊತ್ತಮ್ಮ.” ಅವರು ತಲೆಯನ್ನೂ ಎತ್ತಲಿಲ್ಲ. “ಅವರಪ್ಪ ಈ ವರ್ಷ ಸ್ಕೂಲಿಗೆ ಎರಡು ರೂಮು ಕಟ್ಟಿಸಿಕೊಡ್ತಿದಾರೆ. ಯಾರ ಹೆಸರಲ್ಲಿ ಹೋದ್ರೇನು? ಚಿತ್ರ ಮುಖ್ಯ, ಹೆಸರಲ್ಲ. ಪ್ರಾಣಿ ಉಳೀಲಿ ಅಂತ ತಾನೇ ನೀನು ಬರೆದಿದ್ದು?”

ನಾನು ಅಲ್ಲಾಡಲಿಲ್ಲ. ಅವರು ಆಗ ತಲೆ ಎತ್ತಿದರು. “ನಿಮ್ಮಪ್ಪನಿಗೆ ಸ್ಕೂಲ್ ಕೆಲಸ ಕೊಡಿಸಿರೋದು ಯಾರು ಅಂತ ಗೊತ್ತಲ್ಲ? ಹೋಗು, ಆಟ ಆಡ್ಕೋ ಹೋಗು.”

ಮನೆಯಲ್ಲಿ ಏನೂ ಹೇಳಲಿಲ್ಲ. ಹೇಳಿದರೆ ಅಪ್ಪ ಸ್ಕೂಲಿಗೆ ಹೋಗಿ ಕೇಳುತ್ತಾನೆ, ಕೇಳಿದರೆ ಕೆಲಸ ಹೋಗುತ್ತದೆ. ಹನ್ನೆರಡು ವರ್ಷದವಳಿಗೆ ಅಷ್ಟು ಲೆಕ್ಕ ಬರುತ್ತಿತ್ತು.

ಚಿತ್ರಕ್ಕೆ ಇಡೀ ಬೆಂಗಳೂರಿಗೇ ಮೊದಲ ಬಹುಮಾನ ಬಂತು. ಮಾಲಿನಿ ಬಂಡೀಪುರಕ್ಕೆ ಹೋಗಿ ಬಂದಳು. ಪ್ರಾರ್ಥನೆಯ ಹೊತ್ತಿನಲ್ಲಿ ಅವಳನ್ನು ಮುಂದೆ ನಿಲ್ಲಿಸಿ ಅನುಭವ ಹೇಳಿಸಿದರು. ಆನೆ ಹಿಂಡು ರಸ್ತೆ ದಾಟಿದ್ದು, ಮರಿಯನ್ನು ತಾಯಿ ಸೊಂಡಿಲಿನಿಂದ ದೂಡಿದ್ದು, ಎಲ್ಲ ಹೇಳಿದಳು. ಕಿಟಕಿ ಪಕ್ಕವೇ ಕೂತಿದ್ದಳಂತೆ. ನಾವು ಚಪ್ಪಾಳೆ ತಟ್ಟಬೇಕಿತ್ತು. ನಾನೂ ತಟ್ಟಿದೆ, ಅಂಗೈ ಉರಿಯುವ ತನಕ ತಟ್ಟಿದೆ. ಪ್ರತಿ ತಟ್ಟಿಗೂ ಮನಸ್ಸಿನಲ್ಲಿ ಒಂದೊಂದು ಶಾಪ ಹಾಕಿದೆ. ಅವಳ ಆನೆ ಅವಳನ್ನೇ ಅಟ್ಟಿಸಿಕೊಂಡು ಬರಬಾರದಿತ್ತೆ ಎಂದುಕೊಂಡೆ. ಇವತ್ತಿಗೂ ಬರಬೇಕಿತ್ತು ಎಂದೇ ಅನ್ನಿಸುತ್ತದೆ.

ಸಂಕ್ರಾಂತಿ ಹತ್ತಿರ ಬಂತು. ಮನೆಯಲ್ಲಿ ಎಳ್ಳು ಹುರಿದ ಘಮ, ಅವರೆಕಾಯಿ ಸೊಗಡು. ಅಮ್ಮ ಅಚ್ಚುಬೆಲ್ಲವನ್ನು ಅಡಕೆಕತ್ತರಿಯಲ್ಲಿ ಸಣ್ಣಗೆ ಕತ್ತರಿಸುತ್ತ ಕೂತಿದ್ದಳು. ಆಗ ಮೇಷ್ಟ್ರ ಆಜ್ಞೆ ಬಂತು: ಬಹುಮಾನದ ಚಿತ್ರಕ್ಕೆ ಗಾಜಿನ ಕಟ್ಟು ಹಾಕಿಸಬೇಕು, ಹೆಡ್‌ಮಿಸ್ ರೂಮಿನಲ್ಲಿ ತೂಗುಹಾಕಬೇಕು, ಹಿಂದಿನ ದಪ್ಪ ಹಾಳೆ ಮುದುರಿದೆ, ಅದನ್ನು ಬಿಡಿಸಿ ಚಿತ್ರವನ್ನು ಹೊಸ ರಟ್ಟಿಗೆ ಪೂರ್ತಿ ಅಂಟಿಸುತ್ತೇನೆ, ಒಳ್ಳೇ ಅಂಟು ತಾ.

ಒಳ್ಳೇ ಅಂಟು! ಅಪ್ಪ ಆ ದಿನ ಪೇಟೆಗೆ ರಟ್ಟು ತರಲು ಹೋಗಿದ್ದ. ನಾನು ಸ್ಟವ್ ಹಚ್ಚಿದೆ. ಮೈದಾ ಗಂಟಾಗದಂತೆ ಕಾಯಿಸಿದೆ. ಮೈಲುತುತ್ತದ ಡಬ್ಬಿ ಕೈಗೆ ಎಟುಕುವಂತೆಯೇ ಇತ್ತು, ಮುಟ್ಟಲಿಲ್ಲ. ಅಮ್ಮನ ಮೊರದ ಮೂಲೆಯಲ್ಲಿ ಉಳಿದಿದ್ದ ಬೆಲ್ಲದ ಪುಡಿಯನ್ನು ಎರಡು ಹಿಡಿ ತಂದು ಸುರಿದು ತಿರುವಿದೆ. ಬಣ್ಣ ಅನುಮಾನ ತರಬಾರದೆಂದು ಬಟ್ಟೆಗೆ ಹಾಕುವ ನೀಲಿಯನ್ನು ಒಂದು ತೊಟ್ಟು ಬಿಟ್ಟೆ. ಎಳ್ಳುಬೆಲ್ಲ ತಿಂದು ಒಳ್ಳೇ ಮಾತಾಡು ಅನ್ನುತ್ತಾರಲ್ಲ, ಎಳ್ಳು ನಾವು ತಿಂದೆವು, ಬೆಲ್ಲ ಮೇಷ್ಟ್ರಿಗೆ ಹೋಯಿತು. ಬಾಟಲಿ ಕೈಗಿತ್ತಾಗ ಅವರು, “ಜಾಣೆ” ಎಂದರು.

ಅದು ನನ್ನದೇ ಚಿತ್ರ, ಹಾಳಾಗುವುದು ನನ್ನದೇ ಕಾಡುಪಾಪ ಎಂಬುದು ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಹೊಳೆದಿತ್ತು. ಅವಳ ಹೆಸರು ಹೊತ್ತುಕೊಂಡು ಗೋಡೆಯ ಮೇಲೆ ಇರುವುದಕ್ಕಿಂತ ಸಾಯಲಿ ಅನ್ನಿಸಿತ್ತು.

ಆಮೇಲಿನ ಒಂದೂವರೆ ತಿಂಗಳು ನಾನು ಸುಮ್ಮನೆ ಕಾದೆ. ಹಾಜರಿ ಪುಸ್ತಕ ಇಡಲು ಹೆಡ್‌ಮಿಸ್ ರೂಮಿಗೆ ಹೋದಾಗಲೆಲ್ಲ ಗೋಡೆ ನೋಡುತ್ತಿದ್ದೆ. ಒಂದು ದಿನ ಕಟ್ಟಿನ ಕೆಳಗೆ ಇರುವೆಯ ಸಾಲು ಕಂಡಿತು, ಅಂಚಿನ ಸಂದಿಯಲ್ಲಿ ಒಳಗೆ ಹೋಗುತ್ತಿತ್ತು. ಆ ದಿನ ಕುಂಟೆಬಿಲ್ಲೆಯಲ್ಲಿ ನಾನು ಒಂದಾಟವೂ ಸೋಲಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಸ್ಕೂಲ್ ಡೇ. ಮುಖ್ಯ ಅತಿಥಿ ಅದೇ ಬಿಳಿಮೀಸೆಯ ಅರಣ್ಯಾಧಿಕಾರಿ. ಚಿತ್ರವನ್ನು ಗೋಡೆಯಿಂದ ಇಳಿಸಿ, ಮೇಲೊಂದು ರೇಷ್ಮೆ ಬಟ್ಟೆ ಹೊದಿಸಿ ವೇದಿಕೆಯ ಮೇಲೆ ಇಟ್ಟಿದ್ದರು. ಎತ್ತರದಲ್ಲಿ ತೂಗುತ್ತಿದ್ದಾಗಲೂ ಇಳಿಸುವ ಗಡಿಬಿಡಿಯಲ್ಲೂ ಯಾರೂ ಸರಿಯಾಗಿ ನೋಡಿರಲಿಲ್ಲ. ಮಾಲಿನಿ ಜರಿಲಂಗ ಉಟ್ಟು ಮೈಕಿನ ಮುಂದೆ ಬಂದಳು.

“ಇದನ್ನ ಎಲ್ಲಿ ನೋಡಿದೆ ಮಗು?” ಅಧಿಕಾರಿಗಳು ಪ್ರೀತಿಯಿಂದಲೇ ಕೇಳಿದರು.

ಮಾಲಿನಿ ಮೇಷ್ಟ್ರ ಕಡೆ ನೋಡಿದಳು. “ಝೂನಲ್ಲಿ ಸಾರ್.”

ಅವರು ಹುಬ್ಬು ಗಂಟಿಕ್ಕಿದರು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು, ಬಿಳೇಕಹಳ್ಳಿ, ಹೊಂಗೆಮರ, ದೀಪ ಹಚ್ಚುವ ಹೊತ್ತು. ನುಂಗಿಕೊಂಡೆ. ಮಾಲಿನಿ ಬಾಯಿಪಾಠದ ಭಾಷಣ ಶುರು ಮಾಡಿದಳು. “ವನ್ಯಜೀವಿಗಳು ನಮ್ಮ ನಾಡಿನ ಸಂಪತ್ತು. ಅವುಗಳನ್ನು ನಾವೆಲ್ಲರೂ ಪ್ರೀತಿಸಿ ರಕ್ಷಿಸಬೇಕು” ಎಂದು ಬಟ್ಟೆ ಸರಿಸಿದಳು.

ಗಾಜಿನ ಹಿಂದೆ ಹೊಂಗೆಯ ಕೊಂಬೆ ಅರ್ಧ ಇರಲಿಲ್ಲ. ಹಾಳೆಯ ತುಂಬ ತೂತು. ಕಾಡುಪಾಪದ ಹೊಟ್ಟೆಯ ಜಾಗದಿಂದ ಒಂದು ಕೊಬ್ಬಿದ ಜಿರಳೆ ಹೊರಬಂದು, ಮೀಸೆ ಆಡಿಸುತ್ತ, ನಿಧಾನವಾಗಿ ಮುಖದ ಕಡೆಗೆ ಹತ್ತಿತು. ಅದರ ಹಿಂದೆ ಇನ್ನೊಂದು. ಮಾಲಿನಿ ಮೈಕಿನಲ್ಲೇ ಕಿರುಚಿದಳು. ಆ ಕಿರುಚು ಮೂರನೇ ಬ್ಲಾಕಿನ ತನಕ ಕೇಳಿಸಿರಬೇಕು. ಹಿಂದಿನ ಸಾಲಿನ ಹುಡುಗರು ಬೆಂಚಿನ ಮೇಲೆ ಹತ್ತಿ “ಜಿರಳೆ! ಜಿರಳೆ!” ಎಂದು ಕುಣಿದರು. ಅಧಿಕಾರಿಗಳು ನಗು ತಡೆಯಲಾರದೆ, “ಇದನ್ನೂ ರಕ್ಷಿಸಬೇಕಲ್ಲಮ್ಮಾ” ಅಂದರು. ಅಧ್ಯಕ್ಷರು ಮೇಷ್ಟ್ರನ್ನು ನೋಡಿದರು. ಮೇಷ್ಟ್ರ ಮುಖ ನೋಡಬೇಕಿತ್ತು ನೀವು. ನನ್ನ ಜೀವಮಾನದಲ್ಲಿ ಅಷ್ಟು ರುಚಿಯಾದದ್ದನ್ನು ನಾನು ಮತ್ತೆ ಉಂಡಿಲ್ಲ.

ಮಾರನೆಯ ಬೆಳಿಗ್ಗೆ ಮೇಷ್ಟ್ರು ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ನಮ್ಮ ಅಂಗಡಿಗೇ ಬಂದರು. ಇದನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

“ಏನ್ರೀ ಶಿವಣ್ಣ ಇದು? ಇದೇನಾ ನಿಮ್ಮ ಅಂಟು? ಇಡೀ ಸ್ಕೂಲಿನ ಮಾನ ಹೋಯ್ತು!”

ಅಪ್ಪ ಮೊಳೆ ಕಿತ್ತು ಕಟ್ಟು ಬಿಚ್ಚಿದ. ಚಾಕುವಿನ ಮೊನೆಯಿಂದ ಹಾಳೆಯ ಮೂಲೆ ಎತ್ತಿದ. ಅಂಟನ್ನು ಬೆರಳಲ್ಲಿ ಉಜ್ಜಿ ಮೂಸಿದ. ಆಮೇಲೆ ಬಾಗಿಲ ಬಳಿ ನಿಂತಿದ್ದ ನನ್ನನ್ನು ನೋಡಿದ. ಅವನಿಗೆ ಗೊತ್ತಾಗಿಹೋಗಿತ್ತು. ಉಳಿದ ಹಾಳೆ ಸಲೀಸಾಗಿ ರಟ್ಟಿನಿಂದ ಎದ್ದುಬಂತು. ಹಿಂದೆ, ಅಂಟಿನ ತೇವಕ್ಕೆ ಇನ್ನಷ್ಟು ಗಾಢವಾಗಿ, ನೇರಳೆ ಅಕ್ಷರದಲ್ಲಿ ನನ್ನ ಹೆಸರು. ಅಪ್ಪ ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಹಾಳೆಯನ್ನು ಹಾಗೆಯೇ ಮೇಷ್ಟ್ರ ಮುಂದೆ ಇಟ್ಟ.

“ಅಂಟಿಗೆ ಮೈಲುತುತ್ತ ಬಿದ್ದಿಲ್ಲ ಸಾರ್. ಅಂಟಿನ ತಪ್ಪು ನಂದು, ಒಪ್ಕೊಂಡೆ. ಹೆಸರಿನ ತಪ್ಪು ಯಾರ್ದೋ, ಅದನ್ನ ಅವರು ಒಪ್ಕೊಳ್ಳಲಿ.”

ಮೇಷ್ಟ್ರು ಒಪ್ಪಿಕೊಳ್ಳಲಿಲ್ಲ. “ಮಕ್ಕಳ ವಿಷಯ ಶಿವಣ್ಣ, ಬೆಳೆಸಬಾರದು” ಎಂದೇನೋ ಗೊಣಗಿ, ಖಾಲಿ ಕಟ್ಟನ್ನೂ ಬಿಟ್ಟು ಹೊರಟುಹೋದರು. ಸ್ಕೂಲಿನ ಕೆಲಸ ಆ ವರ್ಷಕ್ಕೇ ನಿಂತಿತು. ಶಿವಣ್ಣನ ಅಂಟಿಗೆ ಜಿರಳೆ ಹತ್ತುತ್ತದಂತೆ ಎಂಬ ಮಾತು ಬೇರೆ ಅಂಗಡಿಗಳಿಗೂ ಹೋಯಿತು.

ಅಪ್ಪ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿರಲಿಲ್ಲವೇನೋ. “ಸೇಡಿಗೆ ಬೇರೇನೂ ಸಿಗ್ಲಿಲ್ವಾ ನಿಂಗೆ? ನನ್ನ ಅಂಟೇ ಬೇಕಾಯ್ತಾ?” ಎಂದು ಕೇಳಿದ. ನಾನು ಅತ್ತುಬಿಟ್ಟೆ. ಆದರೆ ತಪ್ಪಾಯಿತು ಅನ್ನಲಿಲ್ಲ.

ಒಂದೆರಡು ದಿನ ಬಿಟ್ಟು ಅಪ್ಪ ನನಗೊಂದು ಡ್ರಾಯಿಂಗ್ ಪುಸ್ತಕ ಬೈಂಡ್ ಮಾಡಿದ. ಹಸಿರು ಕ್ಯಾಲಿಕೋ. ಮೇಷ್ಟ್ರು ಬಿಟ್ಟುಹೋದ ಹಾಳೆಯಲ್ಲಿ ಜಿರಳೆ ತಿಂದದ್ದನ್ನೆಲ್ಲ ಕತ್ತರಿಸಿ ತೆಗೆದ. ಅಂಗೈಯಗಲ ಉಳಿಯಿತು. ಹಾಳೆಯ ಮುಂದಿನ ಮೈಗೆ ಎರಡು ಕಣ್ಣು ಮತ್ತು ಕೊಂಬೆ ಹಿಡಿದ ಒಂದು ಕೈ. ಹಿಂದಿನ ಮೈಗೆ ನನ್ನ ಹೆಸರು.

“ರಟ್ಟಿನ ಒಳಗಡೆ ಅಂಟಿಸ್ತೀನಿ. ಯಾವ ಮೈ ಕಾಣ್ಬೇಕು ಹೇಳು. ಒಂದು ಕಡೆ ಅಂಟು ಹಚ್ಚಲೇಬೇಕು” ಎಂದ ಅಪ್ಪ.

“ಹೆಸರು” ಅಂದೆ. ಯೋಚಿಸಲೇ ಇಲ್ಲ.

ಅಪ್ಪ ಬ್ರಷ್ಷನ್ನು ಅಂಟಿನಲ್ಲಿ ಅದ್ದಿದ. ಆಮೇಲೆ ಕಾಡುಪಾಪದ ಕಣ್ಣಿನ ಮೇಲೆ ಅಂಟು ಸವರಿದ.

ಈಗ ಅಪ್ಪನಿಲ್ಲ, ಅಂಗಡಿಯ ಜಾಗದಲ್ಲಿ ಮೊಬೈಲ್ ಕವರು ಮಾರುತ್ತಾರೆ. ಬಿಳೇಕಹಳ್ಳಿಯಲ್ಲಿ ಅತ್ತೆಯ ಹಿತ್ತಲು ಎಲ್ಲಿತ್ತೆಂದು ತೋರಿಸಲು ನನಗೇ ಆಗುವುದಿಲ್ಲ. ಆ ಸುತ್ತಿನಲ್ಲಿ ಹೊಂಗೆಯೂ ಇಲ್ಲ, ಬಿದಿರೂ ಇಲ್ಲ, ದೀಪ ಹಚ್ಚುವ ಹೊತ್ತು ಎಂಬುದೇ ಇಲ್ಲ, ದೀಪ ಆರಿದರಲ್ಲವೇ ಹಚ್ಚುವುದು. ಶೇಷಪ್ಪ ಮೇಷ್ಟ್ರು ಸತ್ತ ಸುದ್ದಿ ಬಂದ ದಿನ ನಾನು ಹೋಗಲಿಲ್ಲ. ಪಾಪ ಅನ್ನಬೇಕಿತ್ತು, ಅನ್ನಲಿಲ್ಲ.

ಹೋದ ಅಕ್ಟೋಬರಿನಲ್ಲಿ ಮೊಮ್ಮಗಳು ಓಡಿಬಂದಳು. ಅವಳ ಸ್ಕೂಲಿನಲ್ಲೂ ವನ್ಯಜೀವಿ ಚಿತ್ರಸ್ಪರ್ಧೆಯಂತೆ. “ಅಜ್ಜಿ, ಎಲ್ರೂ ಟೈಗರ್ ಮಾಡ್ತಿದಾರೆ. ನೀನು ಚಿಕ್ಕವಳಿದ್ದಾಗ ಏನೋ ನೋಡಿದ್ದೆ ಅಂದಿದ್ಯಲ್ಲ, ಅದನ್ನ ಬರ್ಕೊಡು.”

ಪೆನ್ಸಿಲ್ ಹಿಡಿದು ಕೂತೆ. ಎಷ್ಟು ಸಲ ಬರೆದರೂ ಅದು ಕೋತಿಯೇ ಆಯಿತು, ಕಾಯಿಲೆಯ ಕೋತಿ. ಆ ಕೈ ಬರಲಿಲ್ಲ. ನೋಡದೆ ಈ ಕೈ ಬರೆಯಲಾಗದು ಎಂದು ಆ ಅಧಿಕಾರಿಗಳು ಹೇಳಿದ್ದು ಸರಿ. ಕೊನೆಗೆ ಹಸಿರು ಪುಸ್ತಕ ತೆಗೆದು ರಟ್ಟು ತೆರೆದೆ. ನನ್ನ ಹೆಸರು ನಿನ್ನೆ ಬರೆದಷ್ಟು ಸ್ಪಷ್ಟವಾಗಿತ್ತು. ಆ ಕಣ್ಣು, ಆ ಕೈ ಅದರ ಹಿಂದಿದ್ದವು. ಕೆಟಲಿನ ಹಬೆ ಹಿಡಿದೆ, ಬ್ಲೇಡಿನ ತುದಿಯಿಂದ ಮೂಲೆ ಎಬ್ಬಿಸಲು ನೋಡಿದೆ. ಮೊಮ್ಮಗಳು ಉಸಿರು ಬಿಗಿಹಿಡಿದು ಪಕ್ಕದಲ್ಲಿ ನಿಂತಿದ್ದಳು. ಹಾಳೆ ಏಳಲಿಲ್ಲ. ಒಂದು ಹುಳದ ತೂತೂ ಅದಕ್ಕೆ ಬಿದ್ದಿರಲಿಲ್ಲ. ಈ ಸಲದ ಅಂಟನ್ನು ಅಪ್ಪನೇ ಕಾಯಿಸಿದ್ದ, ಮೈಲುತುತ್ತ ಹಾಕಿದ್ದ.